ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಹೊತ್ತು ಬೇರೆ ಬೇರೆ

(ಹಾಸನದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಮಕ್ಕಳು ಹೊರದೇಶದಲ್ಲಿರುವ ಪೋಷಕರ ಮುಂದೆ ಮಾಡಿದ ಉಪನ್ಯಾಸ. ಬರಹಕ್ಕಿಳಿಸುವಾಗ ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಹಾಸನದಿಂದ ಮಂಗಳೂರಿಗೆ ಎಷ್ಟು ದೂರ ಅಂದರೆ ನೀವೆಲ್ಲ 170 ಕಿಲೋಮೀಟರ್ ಅಂತೀರಿ. ಎಷ್ಟು ಹೊತ್ತು ಬೇಕು ಅಂದರೆ ಮಾತ್ರ ಯಾರೂ ತಟ್ಟನೆ ಬಾಯಿ ಬಿಡುವುದಿಲ್ಲ. ‘ಶಿರಾಡಿ ಘಾಟಿ ಹೇಗಿದೆ?’ ಅಂತ ತಿರುಗಿ ಕೇಳುತ್ತೀರಿ. ಮಳೆಗಾಲವೋ ಬೇಸಿಗೆಯೋ, ಗುಡ್ಡ ಕುಸಿದಿದೆಯೋ, ಮುಂದೆ ಲಾರಿ ಸಾಲು ನಿಂತಿದೆಯೋ, ಇದೆಲ್ಲ ಗೊತ್ತಾಗದೆ ಹೊತ್ತು ಹೇಳುವುದಕ್ಕೆ ಆಗುವುದಿಲ್ಲ ಅಂತ ನಿಮಗೆ ಗೊತ್ತು. ಅದೇ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ಹೊತ್ತು ಅಂದರೆ ಮೊಬೈಲ್ ತೆಗೆದು ನೋಡಿ ಒಂದು ಅಂಕಿ ಹೇಳಿಬಿಡುತ್ತೀರಿ. ಆಕಾಶದಲ್ಲೂ ಶಿರಾಡಿಗಳಿವೆ. ಇವತ್ತಿನ ಮಾತು ಅವುಗಳ ಬಗ್ಗೆ.

ಮೊದಲು ದೂರ. ಹಾಸನ–ಮಂಗಳೂರು ರಸ್ತೆ 170 ಕಿ.ಮೀ. ಆದರೂ ನಕಾಶೆಯ ಮೇಲೆ ನೆಟ್ಟಗೆ ಗೆರೆ ಎಳೆದರೆ ಸುಮಾರು 135 ಕಿ.ಮೀ. ಅಷ್ಟೇ. ಇಷ್ಟು ಹತ್ತಿರದ ಊರುಗಳಿಗೆ ನಕಾಶೆಯ ಗೆರೆ ಮೋಸ ಮಾಡುವುದಿಲ್ಲ. ದೂರದ ಊರುಗಳಿಗೆ ಮಾಡುತ್ತೆ, ಸಣ್ಣ ಮೋಸವೂ ಅಲ್ಲ. ಶಾಲೆಯ ಗೋಡೆಯ ಪ್ರಪಂಚದ ನಕಾಶೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರ ದಾಟಿಸಿ ಸ್ಯಾನ್ ಫ್ರಾನ್ಸಿಸ್ಕೊಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದು, ಆ ಗೆರೆಯ ಮೇಲೆಯೇ ವಿಮಾನ ಹಾರಿಸಿದರೆ ಸುಮಾರು 16,100 ಕಿ.ಮೀ. ಆಗುತ್ತೆ. ನಿಜವಾದ ಅತಿ ಕಡಿಮೆ ದೂರ 14,000 ಕಿ.ಮೀ. ಒಂದು ಅಡಿಪಟ್ಟಿಯ ತಪ್ಪಿಗೆ 2,100 ಕಿ.ಮೀ. ದಂಡ. ದುಂಡಗಿರುವ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಹೊಂದಿಸಲು ಧ್ರುವದ ಕಡೆಯ ಭಾಗವನ್ನೆಲ್ಲ ಹಿಗ್ಗಿಸಿ ಬಿಡಿಸಿರುತ್ತಾರೆ, ಅದಕ್ಕೆ ಹೀಗೆ.

ಸರಿಯಾದ ದಾರಿ ಹುಡುಕಲು ಹೂ ಕಟ್ಟುವ ದಾರ ಸಾಕು. ಈ ಮೇಜಿನ ಮೇಲಿರುವುದು 30 ಸೆಂಟಿಮೀಟರ್ ವ್ಯಾಸದ ಗ್ಲೋಬ್. ಸುತ್ತಳತೆ 94 ಸೆಂ.ಮೀ. ಚಿಲ್ಲರೆ. ಭೂಮಿಯ ಸುತ್ತಳತೆ 40,000 ಕಿ.ಮೀ. ಚಿಲ್ಲರೆ. ಅಂದರೆ ಇದರ ಮೇಲಿನ ಒಂದು ಸೆಂಟಿಮೀಟರು ಭೂಮಿಯ ಮೇಲೆ ಸುಮಾರು 425 ಕಿ.ಮೀ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಇನ್ನೊಂದು ಕಡೆ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಹಾಯಿಸಿ ನಿಧಾನಕ್ಕೆ ಎಳೆಯುತ್ತಾ ಬನ್ನಿ. ದಾರ ತಾನಾಗಿ ಉತ್ತರಕ್ಕೆ ಜಾರುತ್ತೆ, ನೋಡಿ. ಇನ್ನು ಎಳೆಯಲು ಆಗದು ಅನ್ನುವಾಗ ಎಲ್ಲಿ ನಿಂತಿತೋ ಅದೇ ಅತಿ ಹತ್ತಿರದ ದಾರಿ. ಅಳೆದರೆ 33 ಸೆಂ.ಮೀ. 425ರಿಂದ ಗುಣಿಸಿ, 14,000 ಬಂತು. ಹಿಗ್ಗುವ ದಾರ ಬೇಡ, ಗಂಟು ಹಾಕುವುದೂ ಬೇಡ. ಅರ್ಧ ಸೆಂಟಿಮೀಟರ್ ತಪ್ಪಿದರೆ ಇನ್ನೂರು ಕಿಲೋಮೀಟರ್ ಹೋಯಿತು.

ದಾರ ಎಲ್ಲೆಲ್ಲಿ ಹಾದಿದೆ ನೋಡಿ. ಅಮೆರಿಕಕ್ಕೆ ಹೋಗುವ ದಾರ ಬೆಂಗಳೂರಿನಿಂದ ಹೊರಟದ್ದು ಹೆಚ್ಚುಕಡಿಮೆ ಉತ್ತರಕ್ಕೆ! ಮಧ್ಯಪ್ರದೇಶ, ಉತ್ತರಪ್ರದೇಶ, ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ. ಅಲ್ಲಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯ. ಪೆಸಿಫಿಕ್ ಸಾಗರದ ನಡುಭಾಗ ಇದರಲ್ಲಿ ಬರುವುದೇ ಇಲ್ಲ. ಇಂಥ ದಾರಿಗೆ ಮಹಾವೃತ್ತ ಅನ್ನುತ್ತಾರೆ. ಗ್ಲೋಬನ್ನು ಈ ದಾರದ ಗುಂಟ ಕತ್ತರಿಸಿದರೆ ಸರಿಯಾಗಿ ಎರಡು ಹೋಳಾಗುತ್ತೆ.

ಗಣಿತದ ಹುಡುಗರಿಗೆ ದಾರ ಬೇಡ, ಕ್ಯಾಲ್ಕುಲೇಟರ್ ಸಾಕು. ಎರಡೂ ಊರಿನ ಅಕ್ಷಾಂಶಗಳ ಸೈನ್ ಗುಣಿಸಿ, ಬದಿಗಿಟ್ಟುಕೊಳ್ಳಿ. ಆಮೇಲೆ ಎರಡೂ ಅಕ್ಷಾಂಶಗಳ ಕೊಸೈನ್ ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದಲೂ ಗುಣಿಸಿ. ಎರಡನ್ನೂ ಕೂಡಿಸಿ. ಬಂದದ್ದು ಯಾವ ಕೋನದ ಕೊಸೈನ್ ಅಂತ ನೋಡಿ, ಆ ಕೋನವನ್ನು 111.2ರಿಂದ ಗುಣಿಸಿದರೆ ಕಿಲೋಮೀಟರ್; ಭೂಮಿಯ ಮೇಲೆ ಒಂದು ಡಿಗ್ರಿ ಅಂದರೆ ಅಷ್ಟು ದೂರ. ಲಂಡನ್‌ಗೆ ಮಾಡೋಣ. ಬೆಂಗಳೂರು ವಿಮಾನ ನಿಲ್ದಾಣ 13.2 ಉತ್ತರ, 77.7 ಪೂರ್ವ. ಹೀಥ್ರೂ 51.5 ಉತ್ತರ, 0.5 ಪಶ್ಚಿಮ. ಸೈನ್‌ಗಳ ಗುಣಲಬ್ಧ 0.179. ಕೊಸೈನ್‌ಗಳದ್ದು 0.124. ಕೂಡಿದರೆ 0.303, ಅಂದರೆ 72.4 ಡಿಗ್ರಿ. ಸುಮಾರು 8,050 ಕಿ.ಮೀ.

ಇದರಲ್ಲಿ ಮಕ್ಕಳು ಎಡವುವುದು ಎರಡು ಕಡೆ. ಒಂದು, ಹೀಥ್ರೂ ಇರುವುದು ಸೊನ್ನೆ ರೇಖಾಂಶದ ಪಶ್ಚಿಮಕ್ಕೆ. ಆದ್ದರಿಂದ ವ್ಯತ್ಯಾಸ 77.7 ಮತ್ತು 0.5ರ ಮೊತ್ತ, 78.2, ಕಳೆಯಬಾರದು. ಎರಡು, ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿ ಇರುತ್ತೆ. ಲಂಡನ್ ಚೆನ್ನೈಗಿಂತ ಹತ್ತಿರ ಬಂದರೆ ಮೊದಲು ಅದನ್ನು ನೋಡಿ.

ಇನ್ನು ವಿಮಾನ ಈ ದಾರದ ಮೇಲೆಯೇ ಹೋಗುತ್ತದೆಯೇ? ಇಲ್ಲ. ಕಾರಣ ಟಿಬೆಟ್. ವಿಮಾನ ಹಾರುವುದು 10–12 ಕಿಲೋಮೀಟರ್ ಎತ್ತರದಲ್ಲಿ, ಟಿಬೆಟ್ ನೆಲದ ಎತ್ತರ ಸರಾಸರಿ ನಾಲ್ಕೂವರೆ ಕಿಲೋಮೀಟರ್. ಹಾರಲು ಅಡ್ಡಿಯಿಲ್ಲ, ಇಳಿಯಬೇಕಾಗಿ ಬಂದರೆ ಕಷ್ಟ. ಒಳಗಿನ ಗಾಳಿಯ ಒತ್ತಡ ಕಳೆದುಹೋದರೆ ತಲೆಯ ಮೇಲಿಂದ ಹಳದಿ ಮಾಸ್ಕ್ ಬೀಳುತ್ತಲ್ಲ, ಅದರಲ್ಲಿ ಆಮ್ಲಜನಕ ಬರುವುದು ಹನ್ನೆರಡರಿಂದ ಇಪ್ಪತ್ತು ನಿಮಿಷ. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ, ಅಂದರೆ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ಟಿಬೆಟ್‌ನಲ್ಲಿ ಆ ಎತ್ತರದಲ್ಲಿ ಗಾಳಿ ಇಲ್ಲ, ಮಣ್ಣು ಕಲ್ಲು ಇದೆ. ಹಾಗಾಗಿ ಅದನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ.

ಸುತ್ತಿ ಹೋದರೆ ಎಷ್ಟು ಹೆಚ್ಚಾಗುತ್ತೆ? ಉತ್ತರ ಧ್ರುವದ ಮೇಲಿಂದಲೇ ಹೋದರೆ ಎಷ್ಟು ಅಂತ ಲೆಕ್ಕ ಹಾಕುವುದು ಬಹಳ ಸುಲಭ, ಸೈನೂ ಬೇಡ ಕೊಸೈನೂ ಬೇಡ. ಸ್ಯಾನ್ ಫ್ರಾನ್ಸಿಸ್ಕೊ 37.6 ಡಿಗ್ರಿಯಲ್ಲಿದೆ, ಧ್ರುವಕ್ಕೆ 52.4 ಡಿಗ್ರಿ ದೂರ. ಧ್ರುವದಿಂದ ಬೆಂಗಳೂರಿಗೆ 76.8. ಒಟ್ಟು 129.2 ಡಿಗ್ರಿ, ಹತ್ತಿರ ಹತ್ತಿರ 14,370 ಕಿ.ಮೀ. ಭೂಮಿಯ ತುದಿಯನ್ನೇ ಮುಟ್ಟಿ ಬಂದರೂ ಹೆಚ್ಚಾದದ್ದು 370 ಕಿ.ಮೀ., ಅರ್ಧ ಗಂಟೆಯೂ ಇಲ್ಲ. ಎರಡೂ ಊರು ಭೂಮಿಯ ಎದುರುಬದುರು ಬದಿಯಲ್ಲಿ ಇರುವುದರಿಂದ ಹೀಗೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ಹಾರಾಟ ನಡೆಸಿದಾಗ ಬಂದದ್ದು ಉತ್ತರ ಧ್ರುವದ ದಾರಿಯಲ್ಲೇ. ಕ್ಯಾಪ್ಟನ್ ಜೋಯಾ ಅಗರವಾಲ್ ನೇತೃತ್ವ, ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು.

ಧ್ರುವದ ದಾರಿಯಲ್ಲಿ ಟಿಬೆಟ್ ಇಲ್ಲ, ಆದರೆ ಚಳಿ ಇದೆ. ಸಾಮಾನ್ಯವಾಗಿ ವಿಮಾನದ ಹೊರಗೆ ಮೈನಸ್ 55ರ ಆಸುಪಾಸು. ಧ್ರುವದ ಚಳಿಗಾಲದಲ್ಲಿ ಅದಕ್ಕಿಂತ ಕೆಳಗೆ. ಇಂಧನ ಇರುವುದು ರೆಕ್ಕೆಯೊಳಗೆ. ನಮ್ಮಲ್ಲಿ ತುಂಬುವ ಜೆಟ್ ಎ-1 ಮೈನಸ್ 47ರವರೆಗೆ ತಡೆಯುತ್ತೆ, ಅಮೆರಿಕದಲ್ಲಿ ತುಂಬುವ ಜೆಟ್ ಎ ಮೈನಸ್ 40ರವರೆಗೆ. ಅದಕ್ಕಿಂತ ಕೆಳಗೆ ಹೋದರೆ ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗರಣೆ ಕಟ್ಟುತ್ತಲ್ಲ, ಆ ಥರ ಮೇಣದ ಹರಳು ಕಟ್ಟಲು ಶುರು. ಪೈಲಟ್‌ಗಳು ಹೊರಗಿನ ಗಾಳಿಯ ಉಷ್ಣಾಂಶದ ಜೊತೆಗೆ ಟ್ಯಾಂಕಿನ ಉಷ್ಣಾಂಶವನ್ನೂ ನೋಡುತ್ತಾ ಇರುತ್ತಾರೆ. ಮಿತಿಯ ಹತ್ತಿರ ಬಂದರೆ ಸ್ವಲ್ಪ ಕೆಳಗಿಳಿಸುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ; ವೇಗಕ್ಕೆ ರೆಕ್ಕೆಯ ಮೈ ಒಂದೆರಡು ಡಿಗ್ರಿ ಬೆಚ್ಚಗಾಗುತ್ತೆ.

ಇಲ್ಲಿ ಹಾಸನದವರಿಗೆ ಸೇರಿದ ಒಂದು ಮಾತಿದೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ. ಅಲ್ಲಿಂದ ನಡೆಸುವ ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿವೆ. ಅಷ್ಟು ಎತ್ತರದಲ್ಲಿದ್ದರೂ 81 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಅವು ಕಾಣುವುದಿಲ್ಲ. ಭೂಮಿಯ ಉಬ್ಬು ಅಡ್ಡ ಬರುತ್ತೆ. ಧ್ರುವದ ಬಳಿ ಹೋಗುವ ವಿಮಾನಕ್ಕೆ ಇಂಥ ಉಪಗ್ರಹಗಳ ಮೂಲಕ ಮಾತು ಇಲ್ಲ, ಬಹಳ ದೂರಕ್ಕೆ ಕೇಳಿಸುವ ಎಚ್‌ಎಫ್ ರೇಡಿಯೊ ಅಥವಾ ಧ್ರುವದ ಮೇಲೂ ಸುತ್ತುವ ಬೇರೆ ಬಗೆಯ ಉಪಗ್ರಹಗಳನ್ನು ನೆಚ್ಚಬೇಕು.

ದಾರಿ ಬದಲಿಸುವ ಇನ್ನೊಂದು ಸಂಗತಿ ರಾಜಕೀಯ. 2022ರ ಫೆಬ್ರವರಿಯ ನಂತರ ಯುರೋಪ್ ಒಕ್ಕೂಟ, ಬ್ರಿಟನ್, ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಲಂಡನ್–ಟೋಕಿಯೊ ಹನ್ನೆರಡು ಗಂಟೆಯೊಳಗೆ ಮುಗಿಯುತ್ತಿತ್ತು, ಹದಿಮೂರೂವರೆ ಹದಿನಾಲ್ಕು ಆಯಿತು. ಊರು ಅಲ್ಲೇ ಇವೆ, ದೂರವೂ ಅಷ್ಟೇ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವಕ್ಕೆ ದೊಡ್ಡ ಸುತ್ತು ಬಿತ್ತು. ದಕ್ಷಿಣದ ಊರುಗಳಿಂದ ನೇರ ಅರಬ್ಬಿ ಸಮುದ್ರಕ್ಕೆ ಇಳಿಯಬಹುದಾದ್ದರಿಂದ ನಮಗೆ ಏಟು ಕಡಿಮೆ.

ಈಗ ಹೊತ್ತು. ದೊಡ್ಡ ವಿಮಾನಗಳು ಹಾರುವುದು ಶಬ್ದದ ವೇಗದ ಶೇಕಡ 85ರಷ್ಟರಲ್ಲಿ. ಅಲ್ಲಿನ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ., ಆದ್ದರಿಂದ ವಿಮಾನದ ವೇಗ 900. ಆದರೆ ಇಡೀ ದಾರಿ 900 ಸಿಗುವುದಿಲ್ಲ. ಏರಲು ಇಪ್ಪತ್ತು ಇಪ್ಪತ್ತೈದು ನಿಮಿಷ. ಇಳಿಯುವ ಕೆಲಸ ಊರು ಇನ್ನೂ ಇನ್ನೂರು ಕಿಲೋಮೀಟರ್ ಇರುವಾಗಲೇ ಶುರು. ದಾರಿಯೂ ದಾರದಷ್ಟು ನೆಟ್ಟಗಿರುವುದಿಲ್ಲ. ಅದಕ್ಕೆ ಮನೆಯಲ್ಲಿ ಕೂತು ಅಂದಾಜು ಮಾಡುವವರು ದೂರವನ್ನು 850ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ. ಲಂಡನ್: ಒಂಬತ್ತೂವರೆ, ಅರ್ಧ ಸೇರಿ ಹತ್ತು. ಫ್ರಾಂಕ್‌ಫರ್ಟ್ 7,400 ಕಿ.ಮೀ.: ಒಂಬತ್ತೂಕಾಲು. ಮಂಗಳೂರಿನಿಂದ ದುಬೈ 2,460: ಮೂರೂವರೆಗೆ ಸ್ವಲ್ಪ ಕಮ್ಮಿ. ಸ್ಯಾನ್ ಫ್ರಾನ್ಸಿಸ್ಕೊ: ಹದಿನಾರೂವರೆಗೆ ಅರ್ಧ ಸೇರಿ ಹದಿನೇಳು. ಟಿಕೆಟ್‌ನಲ್ಲಿ ಇನ್ನೂ ಕಾಲರಿಂದ ಅರ್ಧ ಗಂಟೆ ಹೆಚ್ಚು ಕಾಣಿಸಬಹುದು. ಅಲ್ಲಿ ಬರೆದಿರುವುದು ಗೇಟು ಬಿಟ್ಟ ಹೊತ್ತಿನಿಂದ ಗೇಟು ಸೇರುವ ಹೊತ್ತು. ರನ್‌ವೇಗೆ ಉರುಳಿಕೊಂಡು ಹೋಗುವುದೂ ಅದರಲ್ಲೇ ಸೇರಿದೆ.

ಈ ಸೂತ್ರವನ್ನು ಕೆಡಿಸುವುದು ಗಾಳಿ. 30ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವೆ, ವಿಮಾನ ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಗಾಳಿ ಹರಿಯುತ್ತೆ. ಜೆಟ್ ಸ್ಟ್ರೀಮ್ ಅಂತಾರೆ. ಗಂಟೆಗೆ ನೂರೈವತ್ತು ಇನ್ನೂರು ಕಿ.ಮೀ. ಮಾಮೂಲು, ಚಳಿಗಾಲದಲ್ಲಿ ಮುನ್ನೂರು ದಾಟುವುದೂ ಉಂಟು. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಮಾಮೂಲಿಗೆ ಆರೂವರೆ ಏಳು ಗಂಟೆಯ ದಾರಿ ಅದು. ಬೆಂಗಳೂರಿನಿಂದ ಲಂಡನ್‌ಗೆ ಹೋಗುವಾಗ ಗಾಳಿ ಎದುರು, ಬರುವಾಗ ಬೆನ್ನಿಗೆ. ದಾರಿಯುದ್ದಕ್ಕೂ ಸರಾಸರಿ 45 ಕಿ.ಮೀ. ಗಾಳಿ ಅಂತ ಇಟ್ಟುಕೊಂಡರೆ ಹೋಗುವ ವೇಗ 855, ಬರುವ ವೇಗ 945. ಹೆಚ್ಚುಕಡಿಮೆ ಒಂದು ಗಂಟೆಯ ಅಂತರ ಅಲ್ಲೇ ಬಂತು.

ಹೋಗುವಾಗ ಕಳೆದದ್ದು ಬರುವಾಗ ಸಿಕ್ಕಿ ಲೆಕ್ಕ ಚುಕ್ತಾ ಆಗುತ್ತಲ್ಲ ಅಂತ ಅನ್ನಿಸಬಹುದು. ಆಗುವುದಿಲ್ಲ. 900 ಕಿ.ಮೀ. ದೂರ, ಗಾಳಿ 100 ಅಂತ ಇಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ಹೋಗಿ ಬರಲು 120 ನಿಮಿಷ. ಗಾಳಿ ಇದ್ದರೆ ಹೋಗುವಾಗ 67.5, ಬರುವಾಗ 54, ಒಟ್ಟು 121.5. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಹಾಕಿಕೊಂಡಿರುತ್ತೇವೆ, ಬೆನ್ನ ಗಾಳಿ ಬೇಗ ಮುಗಿದುಹೋಗುತ್ತೆ. ಒಂದೂವರೆ ನಿಮಿಷ ಅಂತ ನಗಬೇಡಿ, ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಅದು ಟನ್‌ಗಟ್ಟಲೆ ಇಂಧನ. ಆದ್ದರಿಂದಲೇ ಒಂದೇ ವಿಮಾನ ಇವತ್ತು ಒಂದು ದಾರಿ, ನಾಳೆ ಇನ್ನೊಂದು ದಾರಿ. ಗಾಳಿ ಅನುಕೂಲವಾಗಿದ್ದರೆ ಐನೂರು ಕಿಲೋಮೀಟರ್ ಸುತ್ತಿ ಹೋಗಿಯೂ ಬೇಗ ತಲುಪಬಹುದು.

ಇಂಧನ ಜೊತೆಗೆ ಹೆಚ್ಚು ತುಂಬಿಕೊಂಡರೆ ಆಯಿತಲ್ಲ? 777-200ಎಲ್‌ಆರ್ ಟ್ಯಾಂಕು ಸುಮಾರು 1,81,000 ಲೀಟರ್ ಹಿಡಿಯುತ್ತೆ, 145 ಟನ್ ತೂಕ. ಅಷ್ಟು ಭಾರ ಎತ್ತಲು ಗಟ್ಟಿ ಗಾಳಿ ಬೇಕು. ಬೆಂಗಳೂರು ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರ, ಗಾಳಿ ತೆಳು, ಮಧ್ಯಾಹ್ನದ ಬಿಸಿಲಲ್ಲಿ ಇನ್ನೂ ತೆಳು. ರನ್‌ವೇ 4,000 ಮೀಟರ್ ಇದ್ದರೂ ಅತಿ ದೂರದ ಹಾರಾಟಕ್ಕೆ ಸರಕನ್ನೋ ಸೀಟನ್ನೋ ಕಡಿಮೆ ಮಾಡಬೇಕಾಗಬಹುದು.

ಇನ್ನು ಗಡಿಯಾರದ ವಿಷಯ. ಪೋಷಕರಿಗೆ ತಲೆ ಕೆಡಿಸುವುದು ಇದೇ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಆ ಊರಿನದ್ದು, ಇಳಿಯುವ ಹೊತ್ತು ಈ ಊರಿನದ್ದು. ಎರಡನ್ನೂ ನೇರ ಕಳೆಯಬೇಡಿ. ಎಲ್ಲವನ್ನೂ ಮೊದಲು ನಮ್ಮ ಗಡಿಯಾರಕ್ಕೆ ತಂದುಕೊಳ್ಳಿ. 2021ರ ಆ ಹಾರಾಟವನ್ನೇ ನೋಡಿ: ಜನವರಿ 9ರ ರಾತ್ರಿ ಎಂಟೂವರೆ ಸುಮಾರಿಗೆ ಅಲ್ಲಿ ಹೊರಟದ್ದು, 11ರ ನಸುಕಿನಲ್ಲಿ ಇಲ್ಲಿ ಇಳಿಯಿತು. ಎರಡು ದಿನ ಹಾರಿತೇ? ಚಳಿಗಾಲದಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ 9ರ ರಾತ್ರಿ ಎಂಟೂವರೆ ಅಂದರೆ ನಮಗೆ 10ರ ಬೆಳಿಗ್ಗೆ ಹತ್ತು. ಅದಕ್ಕೆ ಹದಿನೇಳು ಗಂಟೆ ಸೇರಿಸಿ, 11ರ ನಸುಕಿನ ಮೂರು. ಸರಿಹೋಯಿತು. ಹೋಗುವಾಗ ಉಲ್ಟಾ: ಸೋಮವಾರ ಮಧ್ಯಾಹ್ನ ಎರಡಕ್ಕೆ ಇಲ್ಲಿ ಹೊರಟರೆ ಅಲ್ಲಿ ಇಳಿಯುವುದು ಅದೇ ಸೋಮವಾರ ಸಂಜೆ ಐದೂವರೆಗೆ. ಮಗ ಮೂರೂವರೆ ಗಂಟೆಯಲ್ಲಿ ಅಮೆರಿಕ ಸೇರಿದ ಅಂತ ಬೀಗಬೇಡಿ. ದಿನಾಂಕ ರೇಖೆಗೆ ಬೇರೆ ಲೆಕ್ಕವೂ ಬೇಡ, ಈ ವಿಧಾನದಲ್ಲಿ ಅದು ಸೇರಿಯೇ ಇದೆ.

ಒಂದು ಎಚ್ಚರ. ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಇಡುತ್ತಾರೆ. ಬೇಸಿಗೆಯಲ್ಲಿ ಅಂತರ ಹನ್ನೆರಡೂವರೆ. ಯುರೋಪಿನವರದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಅಮೆರಿಕ ಬದಲಾಗಿ ಯುರೋಪ್ ಬದಲಾಗದ ಎರಡು ಮೂರು ವಾರ ಮಾರ್ಚ್‌ನಲ್ಲಿ ಬರುತ್ತೆ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವವರು ಹಳೆ ಲೆಕ್ಕ ಹಿಡಿದು ಎಡವುವುದು ಆಗಲೇ.

ನಡುವೆ ಇಳಿದು ಹೋಗುವ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ದುಬೈ ಮೂಲಕ 2,700 ಮತ್ತು 13,040, ಒಟ್ಟು 15,740 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕ 16,540. ಸಿಂಗಪುರ ಮೂಲಕ 16,760. ದೂರದಲ್ಲಿ ದೊಡ್ಡ ಅಂತರವಿಲ್ಲ. ಹೊತ್ತು ನುಂಗುವುದು ನಡುವಿನ ಕಾಯುವಿಕೆ. ಎರಡು ಬೇರೆ ಟಿಕೆಟ್ ಮಾಡಿಸಬೇಡಿ, ಮೊದಲನೆಯದು ತಡವಾದರೆ ಎರಡನೆಯ ಕಂಪನಿಗೆ ನಿಮ್ಮ ಹೊಣೆ ಇರುವುದಿಲ್ಲ. ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯಬೇಕಿದ್ದರೆ, ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಸಾಮಾನ್ಯವಾಗಿ ಸೂಟ್‌ಕೇಸ್ ತೆಗೆದುಕೊಂಡು ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು. ಒಂದೂವರೆ ಗಂಟೆ ಅದಕ್ಕೆ ಸಾಲದು. ಮೂರು ಇಟ್ಟುಕೊಳ್ಳಿ.

ಪ್ರಶ್ನೆಗಳಿಗೆ ಬರೋಣ.

ಹುಡುಗನೊಬ್ಬ ಕೇಳಿದ್ದು: ಭೂಮಿ ತಿರುಗುತ್ತಲೇ ಇದೆಯಲ್ಲ ಸಾರ್, ಮೇಲೆ ಹೋಗಿ ಸುಮ್ಮನೆ ನಿಂತರೆ ಅಮೆರಿಕ ತಾನಾಗಿ ಕೆಳಗೆ ಬರಬೇಕಲ್ಲ? ಒಳ್ಳೆಯ ಪ್ರಶ್ನೆ. ಹಾಸನದ ನೆಲ ಪೂರ್ವಕ್ಕೆ ಗಂಟೆಗೆ ಸುಮಾರು 1,625 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅದರ ಮೇಲಿನ ಗಾಳಿಯೂ ಜೊತೆಗೇ ಓಡುತ್ತಿದೆ, ವಿಮಾನ ಇರುವುದು ಆ ಗಾಳಿಯೊಳಗೆ. ಓಡುವ ರೈಲಿನೊಳಗೆ ನೀನು ಜಿಗಿದರೆ ಹಿಂದಿನ ಬೋಗಿಗೆ ಬೀಳುತ್ತೀಯಾ? ಅಲ್ಲೇ ಇಳಿಯುತ್ತೀಯ. ಭೂಮಿಯ ತಿರುಗುವಿಕೆಯಿಂದ ವಿಮಾನಕ್ಕೆ ಸಿಗುವುದು ಒಂದೇ: ಆ ಪಶ್ಚಿಮದ ಗಾಳಿಯನ್ನು ಪೂರ್ವಕ್ಕೆ ತಿರುಗಿಸುವುದರಲ್ಲಿ ಅದರ ಕೈ ಇದೆ.

ಇದಕ್ಕಿಂತ ದೂರದ ನೇರ ಹಾರಾಟ ಇದೆಯೇ ಅಂದರೆ, ಇದೆ. ಸಿಂಗಪುರ–ನ್ಯೂಯಾರ್ಕ್, ಸುಮಾರು 15,300 ಕಿ.ಮೀ., ಹದಿನೆಂಟು ಗಂಟೆಗೆ ಮೇಲೆ. ಭೂಮಿಯ ಮೇಲೆ ಯಾವ ಎರಡು ಊರೂ ಸುಮಾರು 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲಾರವು, ಅದು ಅರ್ಧ ಸುತ್ತು.

ಕೊನೆಯದು ಹಿಂದಿನ ಸಾಲಿನ ಅಮ್ಮನವರದು: ಮಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದು ನಸುಕಿನ ಮೂರಕ್ಕೆ ಇಳಿಯುತ್ತಾಳೆ, ಹಾಸನದಿಂದ ಎಷ್ಟಕ್ಕೆ ಹೊರಡಬೇಕು? ಅಮ್ಮಾ, ಮೂರಕ್ಕೆ ವಿಮಾನ ಇಳಿದರೂ ಇಮಿಗ್ರೇಷನ್, ಸಾಮಾನು ಮುಗಿಸಿ ಮಗಳು ಹೊರಗೆ ಬರುವುದು ನಾಲ್ಕು ನಾಲ್ಕೂವರೆ. ದೇವನಹಳ್ಳಿಗೆ ಇಲ್ಲಿಂದ ಸುಮಾರು 200 ಕಿ.ಮೀ., ನಾಲ್ಕು ಗಂಟೆ ಹಿಡಿಯಿರಿ. ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಕಡೆಗೆ ತಿರುಗಿದರೆ ಹೆಬ್ಬಾಳ ತಪ್ಪುತ್ತೆ. ಆ ಹೊತ್ತಿನಲ್ಲಿ ಹೆಬ್ಬಾಳವೂ ಖಾಲಿಯೇ. ರಾತ್ರಿ ಹನ್ನೆರಡಕ್ಕೆ ಹೊರಟರೆ ಸಾಕು. ನವೆಂಬರ್‌ನಿಂದ ಫೆಬ್ರವರಿ ಆದರೆ ಹನ್ನೊಂದಕ್ಕೆ, ಏಕೆಂದರೆ ರಸ್ತೆಯಲ್ಲಿ ಮಂಜು. ದೇವನಹಳ್ಳಿಯಲ್ಲೂ ಮಂಜು ಬಿದ್ದರೆ ವಿಮಾನ ಚೆನ್ನೈಗೋ ಹೈದರಾಬಾದಿಗೋ ಹೋಗಿ ಕೂರಬಹುದು. ಟಿಕೆಟ್‌ನ ಹೊತ್ತು ನಂಬಿ ಕಾರು ಹೇಳಬೇಡಿ. ವಿಮಾನ ಅಲ್ಲಿ ಬಿಡುವುದು ನಮ್ಮ ಬೆಳಿಗ್ಗೆ ಹತ್ತಕ್ಕೆ. ಮಧ್ಯಾಹ್ನ ಊಟ ಮುಗಿಸಿ ವಿಮಾನದ ನಂಬರ್ ಹಾಕಿ ನೋಡಿ. ಆಗ ಅದು ಗಾಳಿಯಲ್ಲಿರುತ್ತೆ, ಎಷ್ಟಕ್ಕೆ ಬಿಟ್ಟಿತು, ಯಾವ ದಾರಿ ಹಿಡಿದಿದೆ ಎಲ್ಲ ಗೊತ್ತಿರುತ್ತೆ. ರಾತ್ರಿ ಮನೆ ಬಿಡುವ ಮೊದಲು ಇನ್ನೊಮ್ಮೆ ನೋಡಿ. ಆಗ ತೋರಿಸುವ ಹೊತ್ತು, ಮಂಜು ಇಲ್ಲದಿದ್ದರೆ, ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ತಪ್ಪುವುದು ಕಡಿಮೆ.